ಕ್ಯಾಲಿಫೋರ್ನಿಯಾದಲ್ಲಿ ಸ್ಪೀಡಿಂಗ್ ಟಿಕೆಟ್ ಬಂದಿದೆಯೇ? ಟ್ರಾಫಿಕ್ ಕೋರ್ಟಿಗೆ ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ರಸ್ತೆ ಬದಿಯಲ್ಲಿ ಪೊಲೀಸ್ ಅಧಿಕಾರಿ ಕೊಡುವ ಟಿಕೆಟ್ಟಿಗೆ ಸಹಿ ಹಾಕಿದರೆ ತಪ್ಪೊಪ್ಪಿಕೊಂಡ ಹಾಗಲ್ಲ. ಇಂಥ ದಿನದೊಳಗೆ ಕೋರ್ಟಿಗೆ ಉತ್ತರ ಕೊಡುತ್ತೇನೆ ಎಂದು ಮಾತು ಕೊಟ್ಟ ಹಾಗೆ, ಅಷ್ಟೇ. ಸಹಿ ಹಾಕಲು ಒಪ್ಪದಿದ್ದರೆ ಅವರು ನಿಮ್ಮನ್ನು ಬಂಧಿಸಿ ಕರೆದೊಯ್ಯಬಹುದು. ಆದ್ದರಿಂದ ಸಹಿ ಹಾಕಿ, ಟಿಕೆಟ್ ತೆಗೆದುಕೊಳ್ಳಿ, ಸುಮ್ಮನೆ ಹೊರಡಿ. ಅಲ್ಲಿ ವಾದ ಮಾಡಿ ಗೆದ್ದವರಿಲ್ಲ. ಅಲ್ಲಿ ಆಡಿದ ಮಾತನ್ನೆಲ್ಲ ಅಧಿಕಾರಿ ತಮ್ಮ ಪ್ರತಿಯ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳುತ್ತಾರೆ, ಕೋರ್ಟಿನಲ್ಲಿ ಅದೇ ನಿಮ್ಮ ವಿರುದ್ಧ ಬರುತ್ತದೆ. "ಎಷ್ಟು ವೇಗದಲ್ಲಿದ್ದಿರಿ ಗೊತ್ತೇ?" ಎಂದು ಕೇಳಿದಾಗ "ಎಪ್ಪತ್ತೈದು ಇರಬಹುದು" ಎಂದುಬಿಟ್ಟರೆ ಕೇಸು ಮುಕ್ಕಾಲು ಅಲ್ಲೇ ಮುಗಿಯಿತು.

"ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ" ಎಂಬ ಮಾತು ಕೇಳಿಕೊಂಡೇ ಬೆಳೆದವರು ನಾವು. ಬೇ ಏರಿಯಾದ ಕನ್ನಡಿಗರು ಟಿಕೆಟ್ ಬಂದ ಕೂಡಲೇ ಆನ್‌ಲೈನಿನಲ್ಲಿ ದುಡ್ಡು ಕಟ್ಟಿ ಕೈತೊಳೆದುಕೊಳ್ಳುವುದಕ್ಕೆ ಈ ಹೆದರಿಕೆಯೂ ವೀಸಾದ ಚಿಂತೆಯೂ ಕಾರಣ. ಆದರೆ ಇಲ್ಲಿಯ ಟ್ರಾಫಿಕ್ ಕೋರ್ಟಿಗೆ ಆ ಗಾದೆ ಹೊಂದುವುದಿಲ್ಲ. ವಕೀಲರಿಲ್ಲದೆ ಹೋಗಬಹುದು, ಒಂದು ಬೆಳಗಿನಲ್ಲಿ ಮುಗಿಯುತ್ತದೆ, ನಿಮ್ಮ ತಪ್ಪನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡುವ ಹೊರೆ ಸರ್ಕಾರದ್ದು. ಕಟ್ಟುವುದೋ ಹೋರಾಡುವುದೋ ಎಂಬುದನ್ನು ಭಯಕ್ಕೆ ಬಿಡಬೇಡಿ. ಟಿಕೆಟ್ಟಿನ ಮೇಲಿರುವ ಸೆಕ್ಷನ್ ಸಂಖ್ಯೆ ನೋಡಿ ನಿರ್ಧರಿಸಿ.

ಮೊದಲು ಸೆಕ್ಷನ್ ಓದಿ

ವೇಗದ ಟಿಕೆಟ್‌ಗಳೆಲ್ಲ ಒಂದೇ ಅಲ್ಲ. ಕ್ಯಾಲಿಫೋರ್ನಿಯಾ ವೆಹಿಕಲ್ ಕೋಡ್‌ನ ಯಾವ ಸೆಕ್ಷನ್ ಬರೆದಿದ್ದಾರೆ ಎಂಬುದರ ಮೇಲೆ ನಿಮ್ಮ ವಾದವೇ ಬದಲಾಗುತ್ತದೆ.

22350 ಎಂದು ಇದ್ದರೆ ಅದು ‘ಬೇಸಿಕ್ ಸ್ಪೀಡ್ ಲಾ’. ಸನ್ನಿವೇಲ್, ಕ್ಯೂಪರ್ಟಿನೊದಂಥ ಊರೊಳಗಿನ ರಸ್ತೆಗಳಲ್ಲಿ ಸಿಗುವ ಟಿಕೆಟ್‌ಗಳು ಬಹುತೇಕ ಇದರಡಿ ಬರುತ್ತವೆ. ಹವಾಮಾನ, ದಟ್ಟಣೆ, ರಸ್ತೆಯ ಅಗಲ, ಮೇಲ್ಮೈ ಇವನ್ನೆಲ್ಲ ನೋಡಿದರೆ ಸುರಕ್ಷಿತವಲ್ಲದ ವೇಗದಲ್ಲಿ ಓಡಿಸಬಾರದು ಎಂದು ಈ ಸೆಕ್ಷನ್ ಹೇಳುತ್ತದೆ. ಬೋರ್ಡಿನಲ್ಲಿರುವ 35 ಅನ್ನು ನೀವು ದಾಟಿದ್ದರೆ, ಆ ವೇಗ ಸುರಕ್ಷಿತವಲ್ಲ ಎಂದು ಕೋರ್ಟು ಮೇಲ್ನೋಟಕ್ಕೆ ಊಹಿಸುತ್ತದೆ. ಆದರೆ ಆ ಊಹೆಯನ್ನು ಅಲ್ಲಗಳೆಯುವ ಅವಕಾಶವನ್ನು ಸೆಕ್ಷನ್ 22351 ನಿಮಗೆ ಕೊಟ್ಟಿದೆ. ಆ ಹೊತ್ತಿಗೆ, ಆ ಜಾಗದಲ್ಲಿ, ಆ ಪರಿಸ್ಥಿತಿಯಲ್ಲಿ ನನ್ನ ವೇಗ ಸುರಕ್ಷಿತವಾಗಿತ್ತು ಎಂದು ಸಾಕ್ಷ್ಯ ಕೊಟ್ಟು ತೋರಿಸಿದರೆ ನೀವು ತಪ್ಪಿತಸ್ಥರಲ್ಲ.

22349 ಬೇರೆ ಬಗೆಯದು. ಇದು ರಾಜ್ಯದ ಗರಿಷ್ಠ ಮಿತಿ: ಸಾಮಾನ್ಯ ಹೆದ್ದಾರಿಯಲ್ಲಿ ಗಂಟೆಗೆ 65 ಮೈಲಿ, ನಡುವೆ ವಿಭಜಕವಿಲ್ಲದ ಎರಡು ಲೇನಿನ ರಸ್ತೆಯಲ್ಲಿ 55. 70 ಮೈಲಿಯ ಬೋರ್ಡಿರುವ ಫ್ರೀವೇಗಳಿಗೆ, ಉದಾಹರಣೆಗೆ ಲಾಸ್ ಏಂಜಲೀಸ್ ಕಡೆ ಹೋಗುವ ಐ-5ರ ಉದ್ದನೆಯ ಭಾಗಕ್ಕೆ, 22356. ಇವೆರಡರಲ್ಲೂ ಸುರಕ್ಷಿತವಾಗಿತ್ತು ಎಂಬ ವಾದ ನಡೆಯದು. "ಎಲ್ಲರೂ ಅದೇ ವೇಗದಲ್ಲಿದ್ದರು" ಎನ್ನುವುದಂತೂ ತಪ್ಪೊಪ್ಪಿಗೆಯೇ. ಇಲ್ಲಿ ಉಳಿಯುವುದು ಎರಡೇ ಪ್ರಶ್ನೆ: ಅಳತೆ ಸರಿಯಾಗಿತ್ತೇ? ಅಳೆದದ್ದು ನಿಮ್ಮ ಕಾರನ್ನೇ?

22348(ಬಿ) ಎಂದರೆ ಗಂಟೆಗೆ 100 ಮೈಲಿ ದಾಟಿದ ಆರೋಪ. ಡ್ರೈವಿಂಗ್ ದಾಖಲೆಗೆ ಎರಡು ಪಾಯಿಂಟ್ (ತಪ್ಪಿನ ಅಂಕ), ದೊಡ್ಡ ದಂಡ, ಲೈಸೆನ್ಸ್ ಅಮಾನತಾಗುವ ಸಾಧ್ಯತೆ ಎಲ್ಲವೂ ಇದೆ. ಇದಕ್ಕೆ ಟ್ರಾಫಿಕ್ ವಕೀಲರನ್ನು ಹಿಡಿಯಿರಿ. ಇಲ್ಲಿ ಬರೆದದ್ದನ್ನು ನಂಬಿ ಒಬ್ಬರೇ ಹೋಗಬೇಡಿ.

ಟಿಕೆಟ್ಟಿನಲ್ಲಿ ಕಾರಿನ ಬಣ್ಣ ತಪ್ಪಾಗಿದೆ, ಹೆಸರಿನ ಒಂದಕ್ಷರ ತಪ್ಪಿದೆ, ಆದ್ದರಿಂದ ಕೇಸು ಬಿದ್ದುಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಂಥ ಚಿಕ್ಕ ತಪ್ಪುಗಳಿಗೆ ಕೋರ್ಟು ಬೆಲೆ ಕೊಡುವುದಿಲ್ಲ.

ಏನು ಪಣಕ್ಕಿದೆ

ಮೂಲ ದಂಡ ಕೇಳಲು ಸಣ್ಣದು: ಮಿತಿಗಿಂತ 15 ಮೈಲಿವರೆಗೆ ಹೆಚ್ಚಿದ್ದರೆ 35 ಡಾಲರ್, 16ರಿಂದ 25ರವರೆಗೆ 70, ಅದಕ್ಕೂ ಮೇಲೆ 100. ಇದರ ಮೇಲೆ ರಾಜ್ಯ ಮತ್ತು ಕೌಂಟಿಯ ಹೆಚ್ಚುವರಿ ಶುಲ್ಕಗಳು ಕೂಡಿ 35 ಡಾಲರಿನ ದಂಡ 230 ಡಾಲರ್ ದಾಟುತ್ತದೆ, 100ರದ್ದು 500ರ ಹತ್ತಿರ ಬರುತ್ತದೆ.

ದುಡ್ಡಿಗಿಂತ ಪಾಯಿಂಟ್ ದುಬಾರಿ. ತಪ್ಪು ಸಾಬೀತಾದರೆ ಡಿಎಂವಿ (ಲೈಸೆನ್ಸ್ ಕೊಡುವ ರಾಜ್ಯದ ಇಲಾಖೆ) ದಾಖಲೆಗೆ ಒಂದು ಪಾಯಿಂಟ್ ಸೇರಿ ಮೂರು ವರ್ಷಕ್ಕೂ ಮೇಲ್ಪಟ್ಟು ಕಾಣುತ್ತದೆ, ಇನ್ಶೂರೆನ್ಸ್ ಕಂತು ಏರುತ್ತದೆ. 12 ತಿಂಗಳಲ್ಲಿ 4, 24 ತಿಂಗಳಲ್ಲಿ 6, ಅಥವಾ 36 ತಿಂಗಳಲ್ಲಿ 8 ಪಾಯಿಂಟ್ ಆದರೆ ಲೈಸೆನ್ಸಿಗೇ ಕುತ್ತು. ಹಾಗೆಂದು ಒಂದು ಪಾಯಿಂಟಿಗೆ ಆಕಾಶ ಕಳಚಿ ಬೀಳುವುದಿಲ್ಲ. 1988ರ ಪ್ರೊಪೊಸಿಷನ್ 103ರ ಪ್ರಕಾರ ಮೂರು ವರ್ಷದಲ್ಲಿ ಒಂದೇ ಪಾಯಿಂಟ್ ಇರುವವರಿಗೂ ‘ಗುಡ್ ಡ್ರೈವರ್’ ರಿಯಾಯಿತಿಯ ಅರ್ಹತೆ ಉಳಿಯುತ್ತದೆ. ಎರಡನೆಯ ಪಾಯಿಂಟ್ ಅದನ್ನು ಕಿತ್ತುಕೊಳ್ಳುತ್ತದೆ.

ವೀಸಾದ ವಿಷಯ. ಸಾಮಾನ್ಯ ಸ್ಪೀಡಿಂಗ್ ಟಿಕೆಟ್ ಇಲ್ಲಿ ‘ಇನ್‌ಫ್ರಾಕ್ಷನ್’, ಅಂದರೆ ಜೈಲು ಶಿಕ್ಷೆಯಿಲ್ಲದ ಉಲ್ಲಂಘನೆ. ಅದನ್ನು ಪ್ರಶ್ನಿಸಿ ಕೋರ್ಟಿಗೆ ಹೋದ ಮಾತ್ರಕ್ಕೆ ನಿಮ್ಮ ಮೇಲೆ ಕಪ್ಪು ಚುಕ್ಕೆ ಬೀಳುವುದಿಲ್ಲ. ಅಪಾಯ ಇರುವುದು ಟಿಕೆಟ್ಟನ್ನು ಮರೆತುಬಿಡುವುದರಲ್ಲಿ. ಸಹಿ ಹಾಕಿ ಮಾತುಕೊಟ್ಟು ಉತ್ತರ ಕೊಡದಿದ್ದರೆ ಸೆಕ್ಷನ್ 40508ರಡಿ ಅದು ‘ಮಿಸ್‌ಡಿಮೀನರ್’ ಆಗಬಹುದು, ಅದು ಕ್ರಿಮಿನಲ್ ಅಪರಾಧ. ಜತೆಗೆ 100 ಡಾಲರ್‌ವರೆಗೆ ಹೆಚ್ಚುವರಿ ದಂಡ. ಮುಂದೆ ಯಾವುದಾದರೂ ವಲಸೆ ಅರ್ಜಿ ಟ್ರಾಫಿಕ್ ಟಿಕೆಟ್ ಬಗ್ಗೆ ಕೇಳಿದರೆ ಇದ್ದದ್ದನ್ನು ಇದ್ದಂತೆ ಬರೆಯಿರಿ.

ಕೋರ್ಟು ಅಂಚೆಯಲ್ಲಿ ಜ್ಞಾಪನ ಪತ್ರ ಕಳಿಸುತ್ತದೆ. ಬಾಡಿಗೆ ಮನೆ ಬದಲಾಯಿಸಿ ಡಿಎಂವಿಗೆ ತಿಳಿಸದವರಿಗೆ ಅದು ತಲುಪುವುದೇ ಇಲ್ಲ. ವಿಳಾಸ ಬದಲಾದ 10 ದಿನದೊಳಗೆ ತಿಳಿಸಬೇಕು ಎಂಬುದು ಕಾನೂನು, ಮತ್ತು "ಪತ್ರ ಬರಲಿಲ್ಲ" ಎಂಬುದು ನೆಪವಾಗಿ ನಿಲ್ಲುವುದಿಲ್ಲ. ಟಿಕೆಟ್ಟಿನ ಕೆಳಗಿರುವ ದಿನಾಂಕವನ್ನು ಅವತ್ತೇ ಕ್ಯಾಲೆಂಡರಿಗೆ ಹಾಕಿ. ಇನ್ನಷ್ಟು ಸಮಯ ಬೇಕಿದ್ದರೆ ಬಹಳಷ್ಟು ಕೌಂಟಿಗಳಲ್ಲಿ ಆನ್‌ಲೈನಿನಲ್ಲೇ ದಿನಾಂಕ ಮುಂದೂಡಬಹುದು.

ಟ್ರಾಫಿಕ್ ಸ್ಕೂಲ್: ಯಾವಾಗ ಜಾಣತನ?

ದಂಡವನ್ನು ಪೂರ್ತಿ ಕಟ್ಟಿ, ಮೇಲೊಂದಿಷ್ಟು ಶುಲ್ಕ ಕೊಟ್ಟು, ಆನ್‌ಲೈನ್ ಕೋರ್ಸ್ ಮುಗಿಸಿದರೆ ಪಾಯಿಂಟ್ ಇನ್ಶೂರೆನ್ಸ್ ಕಂಪನಿಯ ಕಣ್ಣಿಗೆ ಬೀಳುವುದಿಲ್ಲ. ಇದು 18 ತಿಂಗಳಿಗೆ ಒಮ್ಮೆ ಮಾತ್ರ, ಒಂದು ಉಲ್ಲಂಘನೆಯ ದಿನದಿಂದ ಇನ್ನೊಂದರ ದಿನಕ್ಕೆ ಲೆಕ್ಕ. ಮಿತಿಗಿಂತ 25 ಮೈಲಿಗೂ ಹೆಚ್ಚು ವೇಗವಿದ್ದರೆ ಕ್ಲರ್ಕ್ ಕೊಡುವಂತಿಲ್ಲ, ನ್ಯಾಯಾಧೀಶರನ್ನೇ ಕೇಳಬೇಕು.

ನನ್ನ ಅಭಿಪ್ರಾಯ ಇದು: ಫ್ರೀವೇಯಲ್ಲಿ 22349ರ ಟಿಕೆಟ್, ವೇಗ ನಿಜವಾಗಿಯೂ ದಾಟಿತ್ತು, 18 ತಿಂಗಳಲ್ಲಿ ಟ್ರಾಫಿಕ್ ಸ್ಕೂಲ್ ಬಳಸಿಲ್ಲ ಎಂದಾದರೆ ಅದನ್ನೇ ಆರಿಸಿಕೊಳ್ಳಿ. ಊರೊಳಗಿನ 22350ರ ಟಿಕೆಟ್, ವೇಗ ಅಳೆಯಲು ರೇಡಾರ್ ಅಥವಾ ಲೈಡಾರ್ (ಲೇಸರ್ ಯಂತ್ರ) ಬಳಸಿದ್ದಾರೆ ಎಂದಾದರೆ ಕಟ್ಟುವ ಮೊದಲು ಮುಂದಿನ ಭಾಗ ಓದಿ. ವಿಚಾರಣೆ ಕೇಳಿ ಸೋತರೆ ಟ್ರಾಫಿಕ್ ಸ್ಕೂಲ್ ಕೈತಪ್ಪುತ್ತದೆ ಎಂಬ ಹೆದರಿಕೆ ಹಲವರಿಗಿದೆ. ವಿಚಾರಣೆಯ ಹಕ್ಕು ಬಳಸಿದ್ದರಿಂದ ಅರ್ಹತೆ ಹೋಗುವುದಿಲ್ಲ ಎಂದು ಕೋರ್ಟಿನ ನಿಯಮ 4.104 ಹೇಳುತ್ತದೆ. ಆದರೂ ಸೋತ ಮೇಲೆ ಕೊಡುವುದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು, ಅದನ್ನು ತಿಳಿದೇ ಹೆಜ್ಜೆ ಇಡಿ.

ಸರ್ವೆ ತರಿಸಿಕೊಳ್ಳಿ

ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ, ನಮ್ಮವರಲ್ಲಿ ಬಹಳ ಮಂದಿ ಕೇಳಿಯೇ ಇರದ ಹೆಜ್ಜೆ ಇದು.

ಕ್ಯಾಲಿಫೋರ್ನಿಯಾದಲ್ಲಿ ನಗರಾಡಳಿತ ತನಗೆ ತೋಚಿದ ವೇಗಮಿತಿಯ ಬೋರ್ಡು ನೆಟ್ಟು, ರೇಡಾರ್ ಹಿಡಿದು ನಿಂತು ಟಿಕೆಟ್ ಕೊಡುವಂತಿಲ್ಲ. ಸೆಕ್ಷನ್ 40802ರ ಪ್ರಕಾರ ಆ ಮಿತಿಯನ್ನು ಇತ್ತೀಚಿನ ‘ಎಂಜಿನಿಯರಿಂಗ್ ಅಂಡ್ ಟ್ರಾಫಿಕ್ ಸರ್ವೆ’, ಅಂದರೆ ಆ ರಸ್ತೆಯಲ್ಲಿ ವಾಹನಗಳು ಓಡುವ ವೇಗವನ್ನು ಅಳೆದ ಅಧ್ಯಯನ, ಸಮರ್ಥಿಸಬೇಕು. ಇಲ್ಲದಿದ್ದರೆ ಆ ರಸ್ತೆ ‘ಸ್ಪೀಡ್ ಟ್ರ್ಯಾಪ್’, ಅಲ್ಲಿ ರೇಡಾರಿನಿಂದ ಪಡೆದ ಸಾಕ್ಷ್ಯ ಕೋರ್ಟಿನಲ್ಲಿ ನಿಲ್ಲದು. ಸರ್ವೆಯ ಆಯಸ್ಸು ಸಾಮಾನ್ಯವಾಗಿ 5 ವರ್ಷ. ಅಧಿಕಾರಿ 24 ಗಂಟೆಗಳ ರೇಡಾರ್ ತರಬೇತಿ ಪಡೆದಿದ್ದು, ಯಂತ್ರವನ್ನು ಹಿಂದಿನ 3 ವರ್ಷದೊಳಗೆ ಸ್ವತಂತ್ರ ಪ್ರಯೋಗಾಲಯದಲ್ಲಿ ಕ್ಯಾಲಿಬ್ರೇಟ್ ಮಾಡಿಸಿದ್ದರೆ (ಅಳತೆ ಸರಿಯಿದೆಯೇ ಎಂದು ಪರೀಕ್ಷೆ ಮಾಡಿಸಿದ್ದರೆ) 7 ವರ್ಷ. ರಸ್ತೆಯಲ್ಲೂ ದಟ್ಟಣೆಯಲ್ಲೂ ಹೇಳಿಕೊಳ್ಳುವಂಥ ಬದಲಾವಣೆ ಆಗಿಲ್ಲವೆಂದು ನೋಂದಾಯಿತ ಎಂಜಿನಿಯರ್ ನಿರ್ಣಯಿಸಿದ್ದರೆ ಅದಕ್ಕೂ ಹೆಚ್ಚು. ಲೈಡಾರಿಗೆ ಇನ್ನೆರಡು ಗಂಟೆಯ ತರಬೇತಿ ಬೇಕು.

ಮುಖ್ಯ ಮಾತು ಸೆಕ್ಷನ್ 40803ರಲ್ಲಿದೆ. ಇದು ಸ್ಪೀಡ್ ಟ್ರ್ಯಾಪ್ ಅಲ್ಲ ಎಂದು ತೋರಿಸಬೇಕಾದವರು ಸರ್ಕಾರದ ಕಡೆಯವರು, ನೀವಲ್ಲ.

ಟಿಕೆಟ್ ಬಂದ ವಾರದಲ್ಲೇ ನಗರದ ಪಬ್ಲಿಕ್ ವರ್ಕ್ಸ್ ಅಥವಾ ಟ್ರಾಫಿಕ್ ಎಂಜಿನಿಯರಿಂಗ್ ವಿಭಾಗಕ್ಕೆ ಇಮೇಲ್ ಬರೆಯಿರಿ. ಪಬ್ಲಿಕ್ ರೆಕಾರ್ಡ್ಸ್ ಕಾಯ್ದೆಯಡಿ ಎಂದು ನಮೂದಿಸಿ, ಯಾವ ರಸ್ತೆ, ಯಾವ ಅಡ್ಡರಸ್ತೆಯಿಂದ ಯಾವ ಅಡ್ಡರಸ್ತೆಯವರೆಗೆ ಎಂದು ಖಚಿತವಾಗಿ ಹೇಳಿ ಸರ್ವೆಯ ಪ್ರತಿ ಕೇಳಿ. ನಮ್ಮ ಆರ್‌ಟಿಐ ಅರ್ಜಿಯ ಹಾಗೆಯೇ ಇದು, ಆದರೆ ದಾಖಲೆ ಕೊಡುತ್ತಾರೋ ಇಲ್ಲವೋ ಎಂಬ ಉತ್ತರ 10 ದಿನದಲ್ಲಿ ಬರಬೇಕು.

ಸರ್ವೆ ಕೈಗೆ ಬಂದಾಗ ಎರಡು ವಿಷಯ ನೋಡಿ. ಒಂದು, ದಿನಾಂಕ. ಇನ್ನೊಂದು, ‘85ನೇ ಪರ್ಸೆಂಟೈಲ್’ ವೇಗ. ಆ ರಸ್ತೆಯಲ್ಲಿ ನೂರಕ್ಕೆ 85 ಮಂದಿ ಓಡಿಸುವುದು ಈ ವೇಗಕ್ಕೆ ಸಮನಾಗಿ ಅಥವಾ ಅದಕ್ಕಿಂತ ಕಡಿಮೆ ಎಂದರ್ಥ, ವೇಗಮಿತಿ ನಿಗದಿಯಾಗುವುದು ಇದರ ಆಧಾರದ ಮೇಲೆಯೇ. ಬೋರ್ಡಿನಲ್ಲಿ 35 ಇದ್ದು, ಸರ್ವೆಯಲ್ಲಿ 85ನೇ ಪರ್ಸೆಂಟೈಲ್ 42 ಇದ್ದು, ನಿಮ್ಮ ಮೇಲಿನ ಆರೋಪ 43 ಎಂದಿಟ್ಟುಕೊಳ್ಳಿ. ಬಿಸಿಲಿತ್ತು, ರಸ್ತೆ ಒಣಗಿತ್ತು, ಎದುರಿಗೆ ಪಾದಚಾರಿಗಳಿರಲಿಲ್ಲ ಎಂಬುದನ್ನೂ ಜತೆಗೆ ತೋರಿಸಿದರೆ 22350ರ ಕೇಸಿನಲ್ಲಿ ಬಲವಾದ ವಾದ ನಿಮ್ಮ ಕೈಲಿದೆ.

ಮನೆಗಳ ನಡುವಿನ ಸಣ್ಣ ಸ್ಥಳೀಯ ರಸ್ತೆಗಳಿಗೂ ಶಾಲಾ ವಲಯಕ್ಕೂ ಈ ಸ್ಪೀಡ್ ಟ್ರ್ಯಾಪ್ ನಿಯಮ ಅನ್ವಯಿಸದು, ಅನ್ವಯಿಸಬಾರದು ಕೂಡ. ಮಕ್ಕಳು ಓಡಾಡುವ 25 ಮೈಲಿಯ ರಸ್ತೆಯಲ್ಲಿ 40ರಲ್ಲಿ ಹೋಗಿದ್ದರೆ ದಯವಿಟ್ಟು ದಂಡ ಕಟ್ಟಿ, ಆಕ್ಸಿಲರೇಟರ್ ಮೇಲಿನ ಕಾಲು ಹಿಂದೆ ತೆಗೆಯುವುದನ್ನು ರೂಢಿಸಿಕೊಳ್ಳಿ. ಅಧಿಕಾರಿ ರೇಡಾರ್ ಬಳಸದೆ ನಿಮ್ಮ ಹಿಂದೆಯೇ ಸಮವೇಗದಲ್ಲಿ ಬಂದು ತಮ್ಮ ಸ್ಪೀಡೋಮೀಟರ್ ನೋಡಿ ಬರೆದಿದ್ದರೂ ಸರ್ವೆಯ ವಾದ ನಡೆಯದು. ಆಗ ಎಷ್ಟು ದೂರ ಹಿಂಬಾಲಿಸಿದರು, ನಡುವಿನ ಅಂತರ ಒಂದೇ ಆಗಿತ್ತೇ, ಆ ಸ್ಪೀಡೋಮೀಟರ್ ಯಾವಾಗ ಪರೀಕ್ಷೆಯಾಗಿದೆ ಎಂದು ಕೇಳಬೇಕು.

ಪೊಲೀಸ್ ಇಲಾಖೆಗೂ ಡಿಸ್ಟ್ರಿಕ್ಟ್ ಅಟಾರ್ನಿ (ಕೌಂಟಿಯ ಸರ್ಕಾರಿ ವಕೀಲರು) ಕಚೇರಿಗೂ ಇನ್ನೊಂದು ಪತ್ರ ಬರೆದು ಅಧಿಕಾರಿಯ ಟಿಪ್ಪಣಿ, ಯಂತ್ರದ ಕ್ಯಾಲಿಬ್ರೇಶನ್ ದಾಖಲೆ, ತರಬೇತಿ ಪ್ರಮಾಣಪತ್ರ ಕೇಳಿ. ಇದನ್ನು ‘ಡಿಸ್ಕವರಿ’ ಎನ್ನುತ್ತಾರೆ. ಉತ್ತರ ಬರದಿದ್ದರೂ ನೀವು ಕೇಳಿದ ಪತ್ರದ ಪ್ರತಿ ಕೋರ್ಟಿನಲ್ಲಿ ಉಪಯೋಗಕ್ಕೆ ಬರುತ್ತದೆ. ಟಿಕೆಟ್ ಸಿಕ್ಕ ದಿನ ರಾತ್ರಿಯೇ ನಡೆದದ್ದನ್ನೆಲ್ಲ ಬರೆದಿಡಿ. ಆಮೇಲೊಂದು ದಿನ ಅದೇ ಹೊತ್ತಿಗೆ ಅಲ್ಲಿಗೆ ಹೋಗಿ ಫೋಟೊ ತೆಗೆಯಿರಿ: ಅಧಿಕಾರಿ ನಿಂತ ಜಾಗದಿಂದ ರಸ್ತೆ ಹೇಗೆ ಕಾಣುತ್ತದೆ, ಬೋರ್ಡನ್ನು ಮರ ಮರೆಮಾಡಿದೆಯೇ, ತಿರುವು ಎಲ್ಲಿದೆ.

ಬರಹದಲ್ಲೇ ವಿಚಾರಣೆ

ಕೋರ್ಟಿಗೆ ಕಾಲಿಡದೆ ಹೋರಾಡುವ ದಾರಿಯೂ ಇದೆ. ‘ಟ್ರಯಲ್ ಬೈ ರಿಟನ್ ಡಿಕ್ಲರೇಶನ್’ ಎಂಬ ಈ ವಿಧಾನಕ್ಕೆ ಟಿಆರ್-205 ನಮೂನೆ ತುಂಬಿ, ನಿಮ್ಮ ಹೇಳಿಕೆ, ಫೋಟೊ, ಸರ್ವೆಯ ಪ್ರತಿ ಲಗತ್ತಿಸಿ ಟಿಕೆಟ್ಟಿನ ಕೆಳಗಿರುವ ಕೊನೆಯ ದಿನಾಂಕದೊಳಗೆ ಕಳಿಸಬೇಕು. ದಂಡದಷ್ಟೇ ಮೊತ್ತವನ್ನು ಮೊದಲೇ ಠೇವಣಿ ಇಡಬೇಕು, ಇದಕ್ಕೆ ಬೇಲ್ ಎನ್ನುತ್ತಾರೆ. ಅಧಿಕಾರಿಯೂ ತಮ್ಮ ಹೇಳಿಕೆಯನ್ನು ಬರೆದು ಕಳಿಸಬೇಕು. ನ್ಯಾಯಾಧೀಶರು ಎರಡನ್ನೂ ಓದಿ ತೀರ್ಪನ್ನು ಅಂಚೆಯಲ್ಲಿ ತಿಳಿಸುತ್ತಾರೆ. ಗೆದ್ದರೆ ಠೇವಣಿ ವಾಪಸ್.

ಸೋತರೂ ದಾರಿ ಮುಚ್ಚುವುದಿಲ್ಲ. ತೀರ್ಪನ್ನು ಅಂಚೆಗೆ ಹಾಕಿದ ದಿನದಿಂದ 20 ದಿನದೊಳಗೆ ಟಿಆರ್-220 ಕಳಿಸಿದರೆ ಮೊದಲಿನದನ್ನು ಬದಿಗಿಟ್ಟು ಹೊಸದಾಗಿ ಕೋರ್ಟಿನಲ್ಲೇ ವಿಚಾರಣೆ ನಡೆಯುತ್ತದೆ. ಎರಡು ಅವಕಾಶ ಸಿಗುತ್ತದೆಂದೇ ಹಲವರು ಈ ದಾರಿ ಹಿಡಿಯುತ್ತಾರೆ. ಇಂಗ್ಲಿಷಿನಲ್ಲಿ ನಿಂತು ಮಾತನಾಡಲು ಅಳುಕುವವರಿಗೆ, ರಜೆ ಸಿಗದವರಿಗೆ, ಟಿಕೆಟ್ ಪಡೆದ ಕೌಂಟಿ ನೂರಾರು ಮೈಲಿ ದೂರವಿರುವವರಿಗೆ ನಾನು ಇದನ್ನೇ ಹೇಳುವುದು. ಹೇಳಿಕೆ ಚಿಕ್ಕದಾಗಿರಲಿ. ಪ್ರಮಾಣ ಮಾಡಿ ಬರೆಯುವ ಹೇಳಿಕೆ ಇದು, ಒಂದು ಸುಳ್ಳೂ ಇರಬಾರದು. ಸ್ಪೀಡೋಮೀಟರ್ ನೋಡಿರಲಿಲ್ಲವಾದರೆ ವೇಗದ ಬಗ್ಗೆ ಊಹೆಯನ್ನೂ ಬರೆಯಬೇಡಿ.

ಕೋರ್ಟಿನಲ್ಲಿ

ನೇರ ವಿಚಾರಣೆ ಬೇಕಾದರೆ ‘ನಾಟ್ ಗಿಲ್ಟಿ’ ಎಂದು ದಾಖಲಿಸಿ ಕೋರ್ಟ್ ಟ್ರಯಲ್ ಕೇಳಬೇಕು. ಇದಕ್ಕೆ ಸಾಮಾನ್ಯವಾಗಿ ಮೊದಲೇ ದುಡ್ಡು ಇಡಬೇಕಿಲ್ಲ. 45 ದಿನದೊಳಗೆ ವಿಚಾರಣೆ ಪಡೆಯುವ ಹಕ್ಕು ನಿಮ್ಮದು. ‘ಟೈಮ್ ವೇವ್’ ಮಾಡುತ್ತೀರಾ, ಅಂದರೆ ಆ ಹಕ್ಕು ಬಿಟ್ಟುಕೊಡುತ್ತೀರಾ, ಎಂದು ಕೇಳಿದಾಗ ತಿಳಿಯದೆ ಹೂಂಗುಟ್ಟಬೇಡಿ. ಜ್ಯೂರಿ ಇರುವುದಿಲ್ಲ, ಸರ್ಕಾರ ನಿಮಗೆ ವಕೀಲರನ್ನು ಕೊಡುವುದಿಲ್ಲ. ಇಂಗ್ಲಿಷ್ ತೊಡಕಾಗುವವರು, ಉದಾಹರಣೆಗೆ ಮಕ್ಕಳ ಜತೆ ಬಂದು ನೆಲೆಸಿದ ಹಿರಿಯರು, ಉಚಿತವಾಗಿ ಕನ್ನಡ ದುಭಾಷಿಯನ್ನು ಕೇಳಬಹುದು. ಕನ್ನಡದ ದುಭಾಷಿಗಳು ಹುಡುಕಿದ ಕೂಡಲೇ ಸಿಗುವವರಲ್ಲ, ಆದ್ದರಿಂದ ವಾರಗಳ ಮೊದಲೇ ಕ್ಲರ್ಕಿಗೆ ತಿಳಿಸಿ.

ಅರ್ಧ ಗಂಟೆ ಮೊದಲೇ ಹೋಗಿ. ಭದ್ರತಾ ತಪಾಸಣೆಯ ಸಾಲು ಉದ್ದವಿರುತ್ತದೆ. ಕಚೇರಿಗೆ ಹೋಗುವಂಥ ಬಟ್ಟೆ ಸಾಕು. ಫೋಟೊ, ಸರ್ವೆ, ಪತ್ರ ಪ್ರತಿಯೊಂದರ ಮೂರು ಪ್ರತಿ ತನ್ನಿ: ನ್ಯಾಯಾಧೀಶರಿಗೊಂದು, ಅಧಿಕಾರಿಗೊಂದು, ನಿಮಗೊಂದು. ನಿಮ್ಮ ಸರದಿಗೆ ಮೊದಲು ಎರಡು ಮೂರು ಕೇಸು ನಡೆಯುವುದನ್ನು ಕೂತು ನೋಡಿದರೆ ಅರ್ಧ ಅಳುಕು ಅಲ್ಲೇ ಇಳಿಯುತ್ತದೆ.

ಅಧಿಕಾರಿ ಬಾರದಿದ್ದರೆ ಕೇಸು ಸಾಮಾನ್ಯವಾಗಿ ವಜಾ. ಆದರೆ ಅದನ್ನೇ ನಂಬಿ ಕೈಬೀಸಿಕೊಂಡು ಹೋಗಬೇಡಿ. ಬರುವುದು ಅವರ ಕೆಲಸದ ಭಾಗ, ಒಬ್ಬರೇ ಅಧಿಕಾರಿಯ ಹಲವು ಕೇಸುಗಳನ್ನು ಒಂದೇ ದಿನ ಇಟ್ಟಿರುತ್ತಾರೆ.

ಸರ್ಕಾರದ ವಕೀಲರು ಬಹುಮಟ್ಟಿಗೆ ಇರುವುದಿಲ್ಲ. ಅಧಿಕಾರಿಯೇ ಮೊದಲು ಸಾಕ್ಷ್ಯ ಹೇಳುತ್ತಾರೆ. ನಡುವೆ ಬಾಯಿ ಹಾಕಬೇಡಿ, ಬರೆದುಕೊಳ್ಳಿ. ರೇಡಾರ್ ಬಳಸಿದ್ದೆ ಎಂದರು, ಸರ್ವೆಯ ಪ್ರಮಾಣಿತ ಪ್ರತಿ ತೋರಿಸಿದರೇ? ತರಬೇತಿಯ ಗಂಟೆ ಹೇಳಿದರೇ? ಕ್ಯಾಲಿಬ್ರೇಶನ್ ದಿನಾಂಕ ಹೇಳಿದರೇ? ಹೇಳದೆ ಬಿಟ್ಟದ್ದೇ ನಿಮಗೆ ಮುಖ್ಯ.

ಆಮೇಲೆ ಪ್ರಶ್ನೆ ಕೇಳುವ ಸರದಿ ನಿಮ್ಮದು. ಇಲ್ಲಿ ಒಂದು ಎಚ್ಚರ: ಅಧಿಕಾರಿ ಸರ್ವೆಯ ಮಾತೇ ಎತ್ತದಿದ್ದರೆ "ಸರ್ವೆ ಇದೆಯೇ?" ಎಂದು ನೀವಾಗಿ ಕೇಳಿ ಆ ಕೊರತೆ ತುಂಬಿಕೊಡಬೇಡಿ. ಬೇರೆಯದನ್ನು ಕೇಳಿ. ಅಳೆಯುವಾಗ ನನ್ನ ಕಾರು ಎಷ್ಟು ದೂರವಿತ್ತು? ಪಕ್ಕದ ಲೇನಿನಲ್ಲಿ ಎಷ್ಟು ವಾಹನಗಳಿದ್ದವು? ಆ ದಿನದ ಹವಾಮಾನ ಹೇಗಿತ್ತು? ನನ್ನ ಓಡಿಸುವಿಕೆಯಿಂದ ಯಾರಿಗಾದರೂ ಅಪಾಯವಾಯಿತೇ? "ನೆನಪಿಲ್ಲ" ಎಂಬ ಉತ್ತರ ಬಂದರೆ ಜಗ್ಗಾಡದೆ ಮುಂದಿನ ಪ್ರಶ್ನೆಗೆ ಹೋಗಿ. ಅಧಿಕಾರಿ ಸುಳ್ಳು ಹೇಳುತ್ತಿದ್ದಾರೆ ಎಂದು ಎಂದೂ ಹೇಳಬೇಡಿ. ನೂರಾರು ಕಾರು ನಿಲ್ಲಿಸುವವರು ತಪ್ಪಾಗಿ ಅಳೆದಿರಬಹುದು, ಅಷ್ಟನ್ನು ತೋರಿಸಿದರೆ ಸಾಕು.

ಅವರ ಸಾಕ್ಷ್ಯ ಮುಗಿದ ಕೂಡಲೇ, ನೀವು ಬಾಯಿ ತೆರೆಯುವ ಮೊದಲೇ, ಕೇಸು ವಜಾ ಮಾಡಲು ಕೋರಬಹುದು. "ಯುವರ್ ಆನರ್, ರೇಡಾರ್ ಆಧರಿಸಿದ ಕೇಸಿನಲ್ಲಿ ಇದು ಸ್ಪೀಡ್ ಟ್ರ್ಯಾಪ್ ಅಲ್ಲವೆಂದು ಸೆಕ್ಷನ್ 40803ರಂತೆ ತೋರಿಸಿಲ್ಲ, ವಜಾ ಮಾಡಬೇಕೆಂದು ಕೋರುತ್ತೇನೆ" ಎಂಬರ್ಥದ ಎರಡು ಸಾಲನ್ನು ಇಂಗ್ಲಿಷಿನಲ್ಲಿ ಮೊದಲೇ ಬರೆದುಕೊಂಡು ಹೋಗಿ, ಓದಿ. ಒಪ್ಪದಿದ್ದರೆ ನಿಮ್ಮ ಸರದಿ ಬರುತ್ತದೆ. ಸಾಕ್ಷ್ಯ ಹೇಳಲೇಬೇಕೆಂದಿಲ್ಲ, ಸುಮ್ಮನಿರುವುದೂ ನಿಮ್ಮ ಹಕ್ಕು. ಹೇಳುವುದಾದರೆ ಫೋಟೊ ತೋರಿಸುತ್ತಾ ಮೂರು ನಿಮಿಷದಲ್ಲಿ ಮುಗಿಸಿ. ಮನೆಯ ಕಷ್ಟ, ಕೆಲಸಕ್ಕೆ ತಡವಾದದ್ದು ಇದನ್ನೆಲ್ಲ ಹೇಳಿದರೆ ವೇಗವಾಗಿ ಹೋದದ್ದಕ್ಕೆ ಕಾರಣ ಕೊಟ್ಟಂತಾಗುತ್ತದೆ.

ತೀರ್ಪಿನ ನಂತರ

ಸೋತರೆ ಅಲ್ಲೇ ವಿನಯದಿಂದ ಟ್ರಾಫಿಕ್ ಸ್ಕೂಲ್ ಕೇಳಿ, ದಂಡ ಇಳಿಸಲು ಕೋರಿ. ಒಟ್ಟಿಗೆ ಕಟ್ಟಲು ಆಗದಿದ್ದರೆ ಕಂತು, ಹೆಚ್ಚಿನ ಸಮಯ, ಸಮುದಾಯ ಸೇವೆ ಇವೆಲ್ಲ ಉಂಟು. ‘ಮೈಸೈಟೇಶನ್ಸ್’ ಎಂಬ ಕೋರ್ಟಿನ ಆನ್‌ಲೈನ್ ವ್ಯವಸ್ಥೆಯಲ್ಲಿ ಅಥವಾ ಟಿಆರ್-320 ನಮೂನೆಯಲ್ಲಿ ಆದಾಯದ ವಿವರ ಕೊಟ್ಟು ಅರ್ಜಿ ಹಾಕಬಹುದು. ಓದುತ್ತಿರುವ ಮಕ್ಕಳು, ಕೆಲಸ ಕಳೆದುಕೊಂಡವರು ಸಂಕೋಚಪಡದೆ ಇದನ್ನು ಬಳಸಿ. ತೀರ್ಪಿನಲ್ಲಿ ಕಾನೂನಿನ ತಪ್ಪಾಗಿದೆ ಎನಿಸಿದರೆ 30 ದಿನದೊಳಗೆ ಸುಪೀರಿಯರ್ ಕೋರ್ಟಿನ ಮೇಲ್ಮನವಿ ವಿಭಾಗಕ್ಕೆ ಹೋಗಬಹುದು, ಆದರೆ ಅಲ್ಲಿ ಹೊಸ ಸಾಕ್ಷ್ಯ ಕೇಳುವುದಿಲ್ಲ.

ಇದೆಲ್ಲ ಕ್ಯಾಲಿಫೋರ್ನಿಯಾದ ಮಾತು. ನ್ಯೂಜೆರ್ಸಿಯಲ್ಲಿರುವವರಿಗೆ ಪದ್ಧತಿಯೇ ಬೇರೆ: ಅಲ್ಲಿ ಪ್ರಾಸಿಕ್ಯೂಟರ್ ಇರುತ್ತಾರೆ, ಅವರೊಡನೆ ಮಾತನಾಡಿ ಪಾಯಿಂಟ್ ಇಲ್ಲದ ಆರೋಪಕ್ಕೆ ಇಳಿಸಿಕೊಳ್ಳುವ ದಾರಿಯೂ ಇದೆ.

ಗೆದ್ದಿರಲಿ, ಟ್ರಾಫಿಕ್ ಸ್ಕೂಲ್ ಮುಗಿಸಿರಲಿ, ಕೆಲವು ವಾರಗಳ ನಂತರ ಡಿಎಂವಿ ಜಾಲತಾಣದಿಂದ ನಿಮ್ಮ ಡ್ರೈವಿಂಗ್ ದಾಖಲೆ ತರಿಸಿ ನೋಡಿ. ವಜಾ ಆದ ಕೇಸಿನ ಪಾಯಿಂಟ್ ಅಲ್ಲಿ ಕಂಡರೆ ಇನ್ಶೂರೆನ್ಸ್ ನವೀಕರಣದ ಮೊದಲೇ ತೀರ್ಪಿನ ಪ್ರತಿಯೊಂದಿಗೆ ಕೋರ್ಟಿನ ಕ್ಲರ್ಕ್ ಬಳಿ ಹೋಗಿ ಸರಿಪಡಿಸಿಕೊಳ್ಳಿ.